ಲ್ಯಾಪ್‌ಟಾಪ್‌ನಿಂದ ಕ್ಯಾಮೆರಾ ನಡೆಸಿ ಆಕಾಶದ ಚಿತ್ರ ತೆಗೆಯುವುದು: ನಡುರಾತ್ರಿ ಸಂಪರ್ಕ ಕಡಿಯುತ್ತದೆ, ತಂತ್ರಾಂಶ ಬದಲಿಸಬೇಕೆ?

ಪ್ರಶ್ನೆ

ನನ್ನಲ್ಲಿರುವುದು ಕ್ಯಾನನ್ 600ಡಿ ಕ್ಯಾಮೆರಾ, 200 ಮಿ.ಮೀ. ಎಫ್/2.8 ಲೆನ್ಸ್, ಕಂಪ್ಯೂಟರಿಗೆ ಜೋಡಿಸಬಹುದಾದ ಈಕ್ವಟೋರಿಯಲ್ ಮೌಂಟ್ (ಆಕಾಶದ ತಿರುಗುವಿಕೆಯನ್ನು ಹಿಂಬಾಲಿಸಿ ಕ್ಯಾಮೆರಾ ತಿರುಗಿಸುವ ಆಧಾರ) ಮತ್ತು ವಿಂಡೋಸ್ ಲ್ಯಾಪ್‌ಟಾಪ್. ಗೈಡಿಂಗ್‌ಗೆ, ಅಂದರೆ ಒಂದು ನಕ್ಷತ್ರವನ್ನು ನೋಡುತ್ತಾ ಮೌಂಟ್‌ನ ಚಲನೆಯನ್ನು ತಿದ್ದಲು, 120 ಮಿ.ಮೀ. ಫೋಕಲ್ ಲೆಂತ್‌ನ ಚಿಕ್ಕ ದೂರದರ್ಶಕವೊಂದಿದೆ, ಅದರ ಹಿಂದಿನ ಕ್ಯಾಮೆರಾದ ಪಿಕ್ಸೆಲ್ 3.75 ಮೈಕ್ರಾನ್. ಈವರೆಗೆ ಇಂಟರ್‌ವಲೋಮೀಟರ್ ಹಾಕಿ ಚಿತ್ರ ತೆಗೆಯುತ್ತಿದ್ದೆ. ಹೇಳಿದ ಹೊತ್ತಿಗೆ ಅದು ಶಟರ್ ತೆರೆದು ಮುಚ್ಚುತ್ತದೆ, ನಿಜ. ಆದರೆ ಫೋಕಸ್ ಜಾರಿದ್ದು, ಲೆನ್ಸಿನ ಮೇಲೆ ಇಬ್ಬನಿ ಕೂತದ್ದು, ಗ್ಯಾಲಕ್ಸಿ ಚೌಕಟ್ಟಿನ ಅಂಚಿಗೆ ಸರಿದದ್ದು ಯಾವುದೂ ಮರುದಿನ ಕಡತ ತೆರೆಯುವವರೆಗೆ ತಿಳಿಯುವುದಿಲ್ಲ. ದೇವಯಾನಿ ಗ್ಯಾಲಕ್ಸಿಯನ್ನು, ಅಂದರೆ ಎಂ 31ನ್ನು, ಈ ಸಲ ಚೆನ್ನಾಗಿ ಹಿಡಿಯಬೇಕೆಂಬ ಆಸೆ ಬಲವಾಗಿದೆ. ಅದಕ್ಕಾಗಿಯೇ ಲ್ಯಾಪ್‌ಟಾಪ್‌ನಿಂದ ಕ್ಯಾಮೆರಾ ನಡೆಸಲು ಹೊರಟಿದ್ದೇನೆ.

ಆಗುತ್ತಿರುವುದು ಇದು. ಕ್ಯಾಮೆರಾ ತಯಾರಕರ ತಂತ್ರಾಂಶದಲ್ಲಿ ಎಲ್ಲವೂ ಸರಿಯಾಗಿ ಕಾಣುತ್ತದೆ. ಖಗೋಳ ತಂತ್ರಾಂಶ ತೆರೆದರೆ ಕ್ಯಾಮೆರಾ ಒಮ್ಮೆ ಸಿಗುತ್ತದೆ, ಒಮ್ಮೆ ಸಿಗುವುದಿಲ್ಲ. ಸಿಕ್ಕಿದ ದಿನವೂ ಒಂದು ಗಂಟೆಯೋ ಎರಡು ಗಂಟೆಯೋ ಆದ ಮೇಲೆ ಸಂಪರ್ಕ ಕಡಿದುಹೋಗುತ್ತದೆ, ಕೇಬಲ್ ಕಿತ್ತು ಮತ್ತೆ ಸಿಕ್ಕಿಸಬೇಕು. 2 ನಿಮಿಷದ ಒಂದು ಎಕ್ಸ್‌ಪೋಷರ್ ಮುಗಿದ ಮೇಲೆ ಮುಂದಿನದು ಶುರುವಾಗುವ ಮೊದಲು ತುಂಬಾ ಹೊತ್ತು ಸುಮ್ಮನೆ ಕಾಯುತ್ತದೆ. ಇನ್ನು ಪ್ಲೇಟ್ ಸಾಲ್ವಿಂಗ್, ಅಂದರೆ ಚಿತ್ರದ ನಕ್ಷತ್ರಗಳನ್ನು ಪಟ್ಟಿಗೆ ಹೋಲಿಸಿ ಕ್ಯಾಮೆರಾ ಎತ್ತ ನೋಡುತ್ತಿದೆ ಎಂದು ಗುರುತಿಸುವುದು, ಒಮ್ಮೆಯೂ ಯಶಸ್ವಿಯಾಗಿಲ್ಲ. ಅಲ್ಲಿ ಪಿಕ್ಸೆಲ್ ಗಾತ್ರ 4.3 ಮೈಕ್ರಾನ್, ಫೋಕಲ್ ಲೆಂತ್ 320 ಮಿ.ಮೀ. ಎಂದು ಕೊಟ್ಟಿದ್ದೇನೆ, ಸೆನ್ಸರ್ ಚಿಕ್ಕದಾದ್ದರಿಂದ 1.6ರಿಂದ ಗುಣಿಸಿ.

ಹಣ ಕೊಟ್ಟು ಬೇರೆ ತಂತ್ರಾಂಶ ಕೊಳ್ಳುವುದು ಒಳ್ಳೆಯದೇ? ಯಾವುದನ್ನು ಕೊಳ್ಳಲಿ?


ಉತ್ತರ 1

ತಂತ್ರಾಂಶ ಬದಲಿಸಲು ಹೋಗಬೇಡಿ. ನೀವು ಬರೆದ ನಾಲ್ಕು ತೊಂದರೆಗಳ ಬೇರು ಬೇರೆ ಕಡೆ ಇದೆ. ಹೊಸ ತಂತ್ರಾಂಶ ಕೊಂಡರೆ ನಾಲ್ಕೂ ಅದರೊಳಕ್ಕೆ ನಿಮ್ಮ ಜೊತೆಗೇ ಬರುತ್ತವೆ.

ಕ್ಯಾಮೆರಾ ಒಮ್ಮೆ ಸಿಕ್ಕಿ ಒಮ್ಮೆ ಸಿಗದಿರುವುದಕ್ಕೆ ಸಾಮಾನ್ಯವಾಗಿ ಒಂದೇ ಕಾರಣ: ಬೇರೊಂದು ತಂತ್ರಾಂಶ ಅದನ್ನು ಮೊದಲೇ ಹಿಡಿದುಕೊಂಡಿರುತ್ತದೆ. ಯುಎಸ್‌ಬಿಯಲ್ಲಿ ಕ್ಯಾಮೆರಾದ ಹತೋಟಿ ಒಂದು ಸಮಯಕ್ಕೆ ಒಬ್ಬರ ಕೈಯಲ್ಲಿ ಮಾತ್ರ ಇರುತ್ತದೆ. ತಯಾರಕರ ತಂತ್ರಾಂಶದ ಕಿಟಕಿ ಮುಚ್ಚಿದರೂ ಅದರ ಒಂದು ತುಣುಕು ಹಿನ್ನೆಲೆಯಲ್ಲಿ ಓಡುತ್ತಾ, ಕ್ಯಾಮೆರಾ ಸಿಕ್ಕಿಸಿದ ಕೂಡಲೇ ಎಚ್ಚರಗೊಳ್ಳುತ್ತದೆ. ಅದು ತಾನಾಗಿ ತೆರೆದುಕೊಳ್ಳದಂತೆ ಅದರ ಆಯ್ಕೆಗಳಲ್ಲೇ ನಿಲ್ಲಿಸಿ. ಚಿತ್ರಗಳನ್ನು ಆಮದು ಮಾಡಲೇ ಎಂದು ವಿಂಡೋಸ್ ಕೇಳುವ ಆಟೋಪ್ಲೇಯನ್ನೂ ನಿಲ್ಲಿಸಿ. ಆಮೇಲೆ ಕ್ರಮ ಹೀಗಿರಲಿ: ಕೇಬಲ್ ಸಿಕ್ಕಿಸಿ, ಕ್ಯಾಮೆರಾ ಆನ್ ಮಾಡಿ, ಕಂಪ್ಯೂಟರ್ ಅದನ್ನು ಗುರುತಿಸುವವರೆಗೆ ತಡೆದು, ನಂತರ ಖಗೋಳ ತಂತ್ರಾಂಶದಲ್ಲಿ ಕನೆಕ್ಟ್ ಒತ್ತಿ. ಹೊಸ ಮಾದರಿಯ ಕ್ಯಾಮೆರಾ ಇರುವವರು ಇನ್ನೊಂದು ವಿಷಯ ನೋಡಿಕೊಳ್ಳಬೇಕು. ಕೆಲವು ಮಾದರಿಗಳಲ್ಲಿ ವೈಫೈ ಆನ್ ಇದ್ದರೆ ಯುಎಸ್‌ಬಿ ಕೆಲಸ ಮಾಡುವುದಿಲ್ಲ. 600ಡಿಯಲ್ಲಿ ವೈಫೈ ಇಲ್ಲವಾದ್ದರಿಂದ ನಿಮಗೆ ಆ ಚಿಂತೆ ಇಲ್ಲ.

ನಡುರಾತ್ರಿ ಕಡಿದುಹೋಗುವ ಸಂಪರ್ಕ ಎಲ್ಲಕ್ಕಿಂತ ಮುಖ್ಯ. ಇದೊಂದು ಗಟ್ಟಿಯಾಗದೆ ಮುಂದಿನದು ಯಾವುದೂ ನಿಲ್ಲುವುದಿಲ್ಲ. ಇದಕ್ಕೆ ಒಂದೇ ಕಾರಣ ಇರುವುದೂ ಅಪರೂಪ. ಮೊದಲು ವಿಂಡೋಸ್‌ನ ಪವರ್ ಆಯ್ಕೆಗಳಿಗೆ ಹೋಗಿ, ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ ಎಂಬುದನ್ನು ನಿಷ್ಕ್ರಿಯಗೊಳಿಸಿ. ವಿದ್ಯುತ್ ಉಳಿಸಲೆಂದು ಕಂಪ್ಯೂಟರು ಕೆಲಸವಿಲ್ಲದ ಪೋರ್ಟ್‌ಗಳನ್ನು ಮಲಗಿಸುತ್ತದೆ. ನಮ್ಮ ಕ್ಯಾಮೆರಾ 2 ನಿಮಿಷ ಮಾತಾಡದೆ ಕುಳಿತರೆ ಅದಕ್ಕೂ ಕೆಲಸವಿಲ್ಲವೆಂದೇ ಅದು ತಿಳಿಯಬಹುದು. ಡಿವೈಸ್ ಮ್ಯಾನೇಜರ್‌ನಲ್ಲಿ ಪ್ರತಿ ಯುಎಸ್‌ಬಿ ರೂಟ್ ಹಬ್ ತೆರೆದು, ವಿದ್ಯುತ್ ಉಳಿಸಲು ಈ ಸಾಧನವನ್ನು ಆಫ್ ಮಾಡಬಹುದು ಎಂಬಲ್ಲಿನ ಗುರುತನ್ನೂ ತೆಗೆಯಿರಿ. ಲ್ಯಾಪ್‌ಟಾಪ್ ನಿದ್ರೆಗೆ ಹೋಗುವುದು, ಮುಚ್ಚಳ ಮುಚ್ಚಿದರೆ ಮಲಗುವುದು, ರಾತ್ರಿ ತಾನಾಗಿ ಅಪ್‌ಡೇಟ್ ಮಾಡಿಕೊಂಡು ಮರುಪ್ರಾರಂಭವಾಗುವುದು, ಇವನ್ನೆಲ್ಲ ಹೊರಡುವ ಮೊದಲೇ ತಡೆಯಬೇಕು.

ಕ್ಯಾಮೆರಾದೊಳಗೂ ಆಟೋ ಪವರ್ ಆಫ್ ಇದೆ. ಮೆನುವಿನಲ್ಲಿ ಅದನ್ನು ಆಫ್ ಮಾಡಿ.

ಕೇಬಲ್ ವಿಷಯದಲ್ಲಿ ನಾನು ತುಂಬಾ ಕಟ್ಟುನಿಟ್ಟು. ಯುಎಸ್‌ಬಿ 2.0ರಲ್ಲಿ ಒಂದು ಕೇಬಲಿನ ಗರಿಷ್ಠ ಉದ್ದ 5 ಮೀಟರ್. ಎರಡು ಸಾಧಾರಣ ಕೇಬಲ್‌ಗಳನ್ನು ಜೋಡಿಸಿ ಅದಕ್ಕಿಂತ ದೂರ ಎಳೆದರೆ ಹಗಲಿನ ಪರೀಕ್ಷೆಯಲ್ಲಿ ನಡೆದದ್ದು ರಾತ್ರಿ ಕೈಕೊಡುತ್ತದೆ. ದೂರ ಬೇಕೆಂದರೆ ಸಂಕೇತವನ್ನು ಬಲಪಡಿಸುವ ಆ್ಯಕ್ಟಿವ್ ಕೇಬಲ್ ಅಥವಾ ಸ್ವಂತ ವಿದ್ಯುತ್ ಪೂರೈಕೆಯುಳ್ಳ ಹಬ್ ಬಳಸಿ. ಇನ್ನೊಂದು ಕಡೆ ನೋಡಬೇಕಾದ್ದು ಕ್ಯಾಮೆರಾದ ಬದಿಯ ಮಿನಿ ಸಾಕೆಟ್. ಮೌಂಟ್ ತಿರುಗುತ್ತಾ ಹೋದಂತೆ ಕೇಬಲಿನ ಭಾರ ಆ ಪುಟ್ಟ ಸಾಕೆಟ್‌ನ ಮೇಲೆ ಬೀಳುತ್ತದೆ. ಗಂಟೆ, ಎರಡು ಗಂಟೆ ಆದ ಮೇಲೆ ಕಡಿಯುತ್ತದೆ ಎಂದಿರಲ್ಲ, ಅಷ್ಟು ಹೊತ್ತಿಗೆ ಮೌಂಟ್ 15ರಿಂದ 30 ಡಿಗ್ರಿ ತಿರುಗಿರುತ್ತದೆ. ನನ್ನ ಮೊದಲ ಅನುಮಾನ ಅಲ್ಲೇ. ಕೇಬಲನ್ನು ಕ್ಯಾಮೆರಾದ ಪಕ್ಕದಲ್ಲೇ ಸ್ವಲ್ಪ ಸಡಿಲ ಬಿಟ್ಟು ಲೆನ್ಸಿನ ಪಟ್ಟಿಗೆ ಕಟ್ಟಿ, ಅಲ್ಲಿಂದ ಮೌಂಟ್‌ನ ಅಕ್ಷಗಳು ಸೇರುವ ಜಾಗಕ್ಕೆ ತಂದು ಕೆಳಗಿಳಿಸಿ. ಹಗಲಲ್ಲೇ ಮೌಂಟನ್ನು ಪೂರ್ವದಿಂದ ಪಶ್ಚಿಮಕ್ಕೆ ಪೂರ್ತಿ ತಿರುಗಿಸಿ, ಎಲ್ಲಿ ಎಳೆತ ಬೀಳುತ್ತದೆಂದು ಕಣ್ಣಾರೆ ನೋಡಿ.

ಬ್ಯಾಟರಿಯ ಕಡೆಯೂ ಗಮನ ಇರಲಿ. ಚಳಿಯಲ್ಲಿ ಕ್ಯಾಮೆರಾ ಬ್ಯಾಟರಿ ಬೇಗ ಇಳಿಯುತ್ತದೆ. ಅದು ಖಾಲಿಯಾದರೆ ತಂತ್ರಾಂಶದಲ್ಲಿ ಕಾಣುವುದು ಸಂಪರ್ಕ ಕಡಿದುಹೋಯಿತು ಎಂಬ ಸಂದೇಶವೇ. ಬ್ಯಾಟರಿಯ ಜಾಗದಲ್ಲಿ ಕೂರುವ ಡಮ್ಮಿ ಬ್ಯಾಟರಿ ಸಿಗುತ್ತದೆ, ಅದನ್ನು ಹೊರಗಿನ ವಿದ್ಯುತ್‌ಗೆ ಜೋಡಿಸಬಹುದು. 600ಡಿಯ ಎಲ್‌ಪಿ-ಇ8 ಬ್ಯಾಟರಿ 7.2 ವೋಲ್ಟ್‌ನದು. ಆದ್ದರಿಂದ 12 ವೋಲ್ಟ್ ಬ್ಯಾಟರಿಯಿಂದ ತೆಗೆದುಕೊಳ್ಳುವುದಾದರೆ ನಡುವೆ ವೋಲ್ಟೇಜ್ ಇಳಿಸುವ ಪರಿವರ್ತಕ ಇರಲೇಬೇಕು. ನೇರವಾಗಿ ಕೊಟ್ಟರೆ ಕ್ಯಾಮೆರಾ ಸುಟ್ಟುಹೋಗಬಹುದು.

ಎಕ್ಸ್‌ಪೋಷರ್‌ಗಳ ನಡುವಿನ ಕಾಯುವಿಕೆ: ಕ್ಯಾಮೆರಾದ ಲಾಂಗ್ ಎಕ್ಸ್‌ಪೋಷರ್ ನಾಯ್ಸ್ ರಿಡಕ್ಷನ್ ಆನ್ ಇದೆ. ಪ್ರತಿ 2 ನಿಮಿಷದ ಚಿತ್ರದ ಬೆನ್ನಿಗೆ ಕ್ಯಾಮೆರಾ ಶಟರ್ ಮುಚ್ಚಿಕೊಂಡು ಇನ್ನೂ 2 ನಿಮಿಷದ ಕತ್ತಲೆ ಚಿತ್ರ ತೆಗೆದು ಅದರಿಂದ ಕಳೆಯುತ್ತಿದೆ. ಅರ್ಧ ರಾತ್ರಿ ಹೀಗೆ ಹೋಗುತ್ತದೆ. ಅದನ್ನು ಆಫ್ ಮಾಡಿ. ಕತ್ತಲೆ ಚಿತ್ರಗಳನ್ನು, ಅಂದರೆ ಡಾರ್ಕ್‌ಗಳನ್ನು, ಕೊನೆಯಲ್ಲಿ ಲೆನ್ಸ್ ಮುಚ್ಚಿ ಒಟ್ಟಿಗೆ ತೆಗೆದರಾಯಿತು. ಜೊತೆಗೆ ಚಿತ್ರದ ರೂಪ ರಾ (ಸಂಸ್ಕರಿಸದ ಮೂಲ ಕಡತ) ಮಾತ್ರ ಇರಲಿ, ಚಿತ್ರ ತೆಗೆದ ಮೇಲೆ ಪರದೆಯಲ್ಲಿ ತೋರಿಸುವುದನ್ನು ನಿಲ್ಲಿಸಿ. ಡಯಲ್ ಎಂ (ಮ್ಯಾನುಯಲ್) ಮೇಲಿರಲಿ. ಡಯಲಿನಲ್ಲಿ ಬಿ ಗುರುತು ಇರುವ ಕ್ಯಾಮೆರಾಗಳಲ್ಲಿ 30 ಸೆಕೆಂಡಿಗಿಂತ ದೀರ್ಘ ಎಕ್ಸ್‌ಪೋಷರ್‌ಗೆ ಬಿ ಮೇಲಿಡಬೇಕು. ಬಿ ಎಂದರೆ ಬಲ್ಬ್, ಬೇಕಾದಷ್ಟು ಹೊತ್ತು ಶಟರ್ ತೆರೆದಿಡುವ ಕ್ರಮ. ನಿಮ್ಮದರಲ್ಲಿ ಅದು ಎಂ ಒಳಗೇ, 30 ಸೆಕೆಂಡಿನ ಆಚೆ ಇದೆ.

ಪ್ಲೇಟ್ ಸಾಲ್ವಿಂಗ್ ಸೋಲುತ್ತಿರುವುದು ಆ 320ರಿಂದ. ಲೆನ್ಸಿನ ಫೋಕಲ್ ಲೆಂತ್ ಸೆನ್ಸರ್ ಚಿಕ್ಕದಾದ ಮಾತ್ರಕ್ಕೆ ಬದಲಾಗುವುದಿಲ್ಲ. 1.6ರ ಗುಣಾಕಾರ ದೊಡ್ಡ ಸೆನ್ಸರಿನ ಜೊತೆ ನೋಟದ ಅಗಲವನ್ನು ಹೋಲಿಸಲು ಮಾತ್ರ. ಆಕಾಶದ ಎಷ್ಟು ಭಾಗ ಒಂದು ಪಿಕ್ಸೆಲಿಗೆ ಬೀಳುತ್ತದೆ ಎಂಬುದು ಸರಳ ಲೆಕ್ಕ: 206.265ನ್ನು ಮೈಕ್ರಾನ್‌ನಲ್ಲಿರುವ ಪಿಕ್ಸೆಲ್ ಗಾತ್ರದಿಂದ ಗುಣಿಸಿ, ಮಿಲಿಮೀಟರಿನಲ್ಲಿರುವ ಫೋಕಲ್ ಲೆಂತ್‌ನಿಂದ ಭಾಗಿಸಿ. ನಿಮ್ಮದು 206.265 × 4.3 ÷ 200, ಅಂದರೆ ಪಿಕ್ಸೆಲಿಗೆ 4.43 ಆರ್ಕ್ ಸೆಕೆಂಡ್ (ಒಂದು ಆರ್ಕ್ ಸೆಕೆಂಡ್ ಎಂದರೆ ಡಿಗ್ರಿಯ 3600ನೇ ಒಂದು ಭಾಗ). 320 ಎಂದು ಕೊಟ್ಟಾಗ ತಂತ್ರಾಂಶ 2.77 ಎಂದು ನಂಬಿ ನಕ್ಷತ್ರಗಳ ನಡುವಿನ ದೂರಗಳನ್ನು ಆ ಅಳತೆಯಲ್ಲಿ ಹುಡುಕುತ್ತದೆ. ಚಿತ್ರದಲ್ಲಿರುವ ನಿಜವಾದ ಆಕಾಶ 6.4 × 4.3 ಡಿಗ್ರಿ, ಅದು ಹುಡುಕುತ್ತಿರುವುದು 4 × 2.7 ಡಿಗ್ರಿಯ ತುಂಡನ್ನು. ಎಲ್ಲಿಂದ ಹೊಂದೀತು? 200 ಎಂದು ತಿದ್ದಿ. ಪ್ಲೇಟ್ ಸಾಲ್ವಿಂಗ್‌ಗೆ ಆ್ಯಸ್ಟ್ಯಾಪ್ ಎಂಬ ತಂತ್ರಾಂಶ ಬಳಸುತ್ತಿದ್ದರೆ ಅದರ ನಕ್ಷತ್ರ ಪಟ್ಟಿಯನ್ನು ಪ್ರತ್ಯೇಕವಾಗಿ ಇಳಿಸಿಕೊಳ್ಳಬೇಕು. ಇಷ್ಟು ಅಗಲದ ಕ್ಷೇತ್ರಕ್ಕೆ ಹೊಂದುವ ಪಟ್ಟಿಯೇ ಆಗಿರಬೇಕು. ಒಮ್ಮೆ ಇಳಿಸಿಕೊಂಡರೆ ಇಂಟರ್ನೆಟ್ ಇಲ್ಲದ ಕಡೆಯೂ ನಡೆಯುತ್ತದೆ. ಅಂದಹಾಗೆ ಎಂ 31ರ ಉದ್ದ ಆಕಾಶದಲ್ಲಿ ಸುಮಾರು 3 ಡಿಗ್ರಿ. ನಿಮ್ಮ ಚೌಕಟ್ಟಿಗೆ ಅದು ಬಹಳ ಚೆಂದವಾಗಿ ಕೂರುತ್ತದೆ.

ಕೊನೆಗೆ ನಿಮ್ಮ ನಿಜವಾದ ಪ್ರಶ್ನೆ. ನಿನಾ ಎಂಬ ಖಗೋಳ ತಂತ್ರಾಂಶ ಉಚಿತ, ಮುಕ್ತ ಆಕರದ್ದು, ವಿಂಡೋಸ್‌ಗೆ ಮಾತ್ರ. ಕ್ಯಾನನ್ ಮತ್ತು ನಿಕಾನ್ ಕ್ಯಾಮೆರಾಗಳ ಜೊತೆ ನೇರವಾಗಿ ಮಾತಾಡುತ್ತದೆ, ಮೌಂಟ್ ಜೊತೆ ಆ್ಯಸ್ಕಾಮ್ ಎಂಬ ಚಾಲಕ ವ್ಯವಸ್ಥೆಯ ಮೂಲಕ. ಎಪಿಟಿ ಮತ್ತು ಬ್ಯಾಕ್‌ಯಾರ್ಡ್ ಇಒಎಸ್ ಹಣ ಕೊಟ್ಟು ಕೊಳ್ಳುವಂಥವು. ಎರಡನೆಯದು ಕ್ಯಾನನ್‌ಗಾಗಿಯೇ ಹುಟ್ಟಿದ್ದು, ಅದರ ಪರದೆ ಹೊಸಬರಿಗೆ ಬೇಗ ಅರ್ಥವಾಗುತ್ತದೆ. ಶಾರ್ಪ್‌ಕ್ಯಾಪ್ ಗ್ರಹಗಳ ವಿಡಿಯೊ ಹಿಡಿಯಲು ಮತ್ತು ಚಿತ್ರಗಳನ್ನು ಆ ಕ್ಷಣದಲ್ಲೇ ಒಂದರ ಮೇಲೊಂದು ಪೇರಿಸಿ ನೋಡಲು ಒಳ್ಳೆಯದು. ನಿಮ್ಮ ಕೆಲಸಕ್ಕೆ ನಿನಾ ಸಾಕು. ಇವುಗಳ ನಡುವಿನ ವ್ಯತ್ಯಾಸ ಚಿತ್ರದಲ್ಲಿ ಕಾಣುವುದಿಲ್ಲ. ಕೇಬಲ್, ವಿದ್ಯುತ್, ಫೋಕಸ್ ಈ ಮೂರರ ವ್ಯತ್ಯಾಸ ಪ್ರತಿ ನಕ್ಷತ್ರದಲ್ಲೂ ಕಾಣುತ್ತದೆ.


ಉತ್ತರ 2

ಮೇಲಿನ ಉತ್ತರಕ್ಕೆ ಒಂದು ಸೇರ್ಪಡೆ. ನಾನು ಲಿನಕ್ಸ್‌ನಲ್ಲಿ ಕೆಸ್ಟಾರ್ಸ್ ಎಂಬ ಆಕಾಶ ನಕ್ಷೆಯ ತಂತ್ರಾಂಶವನ್ನೂ ಅದರೊಳಗಿನ, ಚಿತ್ರ ತೆಗೆಯುವುದನ್ನು ನಡೆಸುವ ಎಕೋಸ್ ಅನ್ನೂ ಬಳಸುತ್ತೇನೆ. ಇವುಗಳ ಹಿನ್ನೆಲೆಯಲ್ಲಿ ಸಾಧನಗಳನ್ನು ನಡೆಸುವ ಇಂಡಿ ಎಂಬ ವ್ಯವಸ್ಥೆ ಇದೆ, ಕ್ಯಾಮೆರಾದ ಭಾಷೆಗೆ ಲಿಬ್‌ಜಿಫೋಟೋ2. ಇಂಡಿಯ ಗುಣವೇನೆಂದರೆ ಸಾಧನಗಳನ್ನು ನಡೆಸುವ ಭಾಗವೂ ನೀವು ಕುಳಿತು ನೋಡುವ ಭಾಗವೂ ಬೇರೆ ಬೇರೆ ಕಂಪ್ಯೂಟರಿನಲ್ಲಿ ಇರಬಹುದು. ಹಾಗಾಗಿ ರಾಸ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರೊಂದನ್ನು ಮೌಂಟ್‌ನ ಕಾಲಿಗೇ ಕಟ್ಟಿದ್ದೇನೆ. ಯುಎಸ್‌ಬಿ ಕೇಬಲ್ ಮೊಳದುದ್ದ ಸಾಕು, ದೂರದ ಮಾತೆಲ್ಲ ವೈಫೈಯಲ್ಲಿ. ನಡುವೆ ವೈಫೈ ಕಡಿದರೂ ಎಕೋಸ್ ಸಹ ಪೈಯಲ್ಲೇ ಓಡುತ್ತಿದ್ದರೆ ಚಿತ್ರ ತೆಗೆಯುವುದು ನಿಲ್ಲುವುದಿಲ್ಲ. ಮರಳಿ ಸಂಪರ್ಕಿಸಿ ನೋಡಿದರೆ ಕೆಲಸ ಮುಂದುವರಿದಿರುತ್ತದೆ.

ಕ್ಯಾಮೆರಾವನ್ನು ಬೇರೆಯವರು ಹಿಡಿದುಕೊಳ್ಳುವ ತೊಂದರೆ ಇಲ್ಲೂ ಇದೆ. ಲಿನಕ್ಸ್ ಡೆಸ್ಕ್‌ಟಾಪ್‌ಗಳಲ್ಲಿ ಕ್ಯಾಮೆರಾವನ್ನು ಕಡತಗಳ ಕಿಟಕಿಯಲ್ಲಿ ತಾನಾಗಿ ತೆರೆಯುವ ಜಿವಿಎಫ್‌ಎಸ್ ಸೇವೆ ಅದನ್ನು ಕಬಳಿಸುತ್ತದೆ. ಮ್ಯಾಕ್‌ನಲ್ಲಿ ಪಿಟಿಪಿಕ್ಯಾಮೆರಾ ಎಂಬ ಪ್ರಕ್ರಿಯೆ ಇದೇ ಕೆಲಸ ಮಾಡುತ್ತದೆ. ಯುಎಸ್‌ಬಿ ಸಾಧನವನ್ನು ಪಡೆಯಲಾಗಲಿಲ್ಲ ಎಂಬ ದೋಷ ಬಂದರೆ ಅವನ್ನು ನಿಲ್ಲಿಸಿ ಮತ್ತೆ ಪ್ರಯತ್ನಿಸಬೇಕು.

ನಿಕಾನ್ ಬಳಸುವವರು ಇದನ್ನು ಓದುತ್ತಿದ್ದರೆ, ಕೊಳ್ಳುವ ಮೊದಲು ನಿಮ್ಮ ಮಾದರಿ ಯುಎಸ್‌ಬಿ ಮೂಲಕ ಬಲ್ಬ್ ಎಕ್ಸ್‌ಪೋಷರ್ ಒಪ್ಪುತ್ತದೆಯೇ ಎಂದು ಖಚಿತಪಡಿಸಿಕೊಳ್ಳಿ. ಆರಂಭಿಕ ದರ್ಜೆಯ ಕೆಲವು ಹಳೆಯ ಮಾದರಿಗಳು ಒಪ್ಪುವುದಿಲ್ಲ. ಅಂಥವಕ್ಕೆ 30 ಸೆಕೆಂಡ್ ದಾಟಲು ಪ್ರತ್ಯೇಕ ಶಟರ್ ಕೇಬಲ್ ಬೇಕು.


ಉತ್ತರ 3

ಎಲ್ಲರೂ ಲ್ಯಾಪ್‌ಟಾಪ್ ಕಡೆಗೇ ಹೋಗುತ್ತಿರುವುದರಿಂದ ಒಂದು ಭಿನ್ನ ಮಾತು. 200 ಮಿ.ಮೀ. ಲೆನ್ಸಿಗೆ ಇಂಟರ್‌ವಲೋಮೀಟರ್ ಸಾಕಾಗುತ್ತದೆ. ಕಂಪ್ಯೂಟರ್, ಹಬ್, ಮೂರು ನಾಲ್ಕು ಕೇಬಲ್, ಅವಕ್ಕೆಲ್ಲ ವಿದ್ಯುತ್ ಎಂದು ಹೊತ್ತೊಯ್ದು, ಅವನ್ನು ಸರಿಪಡಿಸುವುದರಲ್ಲೇ ಒಳ್ಳೆಯ ಆಕಾಶ ಕಳೆದುಹೋಗುವುದನ್ನು ನೋಡಿದ್ದೇನೆ. ಕತ್ತಲೆಯ ಆಕಾಶ ಅಪರೂಪ. ಲೈವ್ ವ್ಯೂ (ಕ್ಯಾಮೆರಾ ಪರದೆಯ ನೇರ ದೃಶ್ಯ) 10 ಪಟ್ಟು ಹಿಗ್ಗಿಸಿ, ಬಾಟಿನೋವ್ ಮಾಸ್ಕ್ (ಫೋಕಸ್ ಸರಿಯಾದದ್ದನ್ನು ತೋರಿಸುವ ಸೀಳುಗಳ ಮುಚ್ಚಳ) ಇಟ್ಟು ಫೋಕಸ್ ಮಾಡಿ, ಟೇಪ್ ಅಂಟಿಸಿ, ಟೈಮರ್ ಒತ್ತಿ ತಲೆಯೆತ್ತಿ ಆಕಾಶ ನೋಡಿ. ಗಂಟೆಗೊಮ್ಮೆ ಫೋಕಸ್ ಪರೀಕ್ಷಿಸಿದರೆ ಮುಗಿಯಿತು.


ಉತ್ತರ 1 ಬರೆದವರಿಂದ

ಕತ್ತಲೆಯ ಆಕಾಶ ಅಪರೂಪ ಎಂಬುದನ್ನು ಮನಸಾರೆ ಒಪ್ಪುತ್ತೇನೆ. ಕೊಂಡೊಯ್ಯುವ ಚೀಲದಲ್ಲಿ ಟೈಮರ್ ಸದಾ ಇರಬೇಕು ಎಂಬುದನ್ನೂ ಒಪ್ಪುತ್ತೇನೆ, ಲ್ಯಾಪ್‌ಟಾಪ್ ಕೈಕೊಟ್ಟ ರಾತ್ರಿ ಅದೇ ಆಸರೆ. ಆದರೆ ಆಕಾಶ ಅಪರೂಪ ಎಂಬ ಕಾರಣಕ್ಕೇ ನಾನು ಲ್ಯಾಪ್‌ಟಾಪ್ ಬೇಕೆನ್ನುವುದು. ಗಂಟೆಗೊಮ್ಮೆ ಪರೀಕ್ಷಿಸಿದರೆ, ಪರೀಕ್ಷಿಸಿದ ಮರುಕ್ಷಣ ಕೆಟ್ಟದ್ದು ಮುಂದಿನ ಗಂಟೆಯವರೆಗೆ ಕಾಣುವುದಿಲ್ಲ.

ಫೋಕಸ್ ಎಷ್ಟು ಸೂಕ್ಷ್ಮ ಎಂಬುದಕ್ಕೆ ಒಂದು ಲೆಕ್ಕ ಕೊಡುತ್ತೇನೆ. ಫೋಕಸ್ ತಪ್ಪದೆ ಸೆನ್ಸರ್ ಹಿಂದೆಮುಂದೆ ಇರಬಹುದಾದ ಅಂತರಕ್ಕೆ ಬಳಕೆಯಲ್ಲಿರುವ ಸೂತ್ರ 4.88 × ಬೆಳಕಿನ ತರಂಗಾಂತರ × ಎಫ್ ಸಂಖ್ಯೆಯ ವರ್ಗ. ಹಸಿರು ಬೆಳಕಿಗೆ 0.55 ಮೈಕ್ರಾನ್ ಇಟ್ಟುಕೊಂಡರೆ ಎಫ್/4ರಲ್ಲಿ ಸುಮಾರು 43 ಮೈಕ್ರಾನ್, ಎಫ್/2.8ರಲ್ಲಿ ಸುಮಾರು 21 ಮೈಕ್ರಾನ್. ಸಂಜೆಯಿಂದ ನಡುರಾತ್ರಿಗೆ ತಾಪಮಾನ ಇಳಿದಾಗ ಲೆನ್ಸಿನ ಲೋಹ, ಗಾಜು ಕುಗ್ಗಿ ಇಷ್ಟು ಅಂತರವನ್ನು ಸುಲಭವಾಗಿ ದಾಟುತ್ತವೆ. ಟೇಪ್ ಉಂಗುರವನ್ನು ಹಿಡಿದಿಡುತ್ತದೆ, ತಾಪಮಾನವನ್ನಲ್ಲ.

ಲ್ಯಾಪ್‌ಟಾಪ್ ಇದ್ದಾಗ ಪ್ರತಿ ಚಿತ್ರ ಬಂದ ಕೂಡಲೇ ಎರಡು ಅಂಕಿಗಳು ಸಿಗುತ್ತವೆ: ಎಷ್ಟು ನಕ್ಷತ್ರಗಳು ಕಂಡವು, ಅವುಗಳ ಎಚ್‌ಎಫ್‌ಆರ್ ಎಷ್ಟು. ಎಚ್‌ಎಫ್‌ಆರ್ ಎಂದರೆ ನಕ್ಷತ್ರದ ಬೆಳಕಿನ ಅರ್ಧಭಾಗವನ್ನು ಒಳಗೊಳ್ಳುವ ವೃತ್ತದ ತ್ರಿಜ್ಯ, ಪಿಕ್ಸೆಲ್‌ಗಳಲ್ಲಿ. ಚಿಕ್ಕದಾದಷ್ಟೂ ಫೋಕಸ್ ಚೊಕ್ಕ. ಈ ಎರಡನ್ನೂ ಜೊತೆಯಾಗಿ ಓದುವುದನ್ನು ಕಲಿಯಿರಿ, ಇದು ನನಗೆ ಅತ್ಯಂತ ಪ್ರಿಯವಾದ ಭಾಗ. ನಕ್ಷತ್ರಗಳ ಸಂಖ್ಯೆ ಇಳಿದು ಎಚ್‌ಎಫ್‌ಆರ್ ಇದ್ದಂತೆಯೇ ಇದ್ದರೆ ಬಹುಶಃ ತೆಳು ಮೋಡ ಹಾದುಹೋಗುತ್ತಿದೆ, ಕಾಯಿರಿ. ಎಚ್‌ಎಫ್‌ಆರ್ ನಿಧಾನವಾಗಿ ಒಂದೇ ದಿಕ್ಕಿನಲ್ಲಿ ಏರುತ್ತಿದ್ದರೆ ಫೋಕಸ್ ಜಾರುತ್ತಿದೆ. ಎಚ್‌ಎಫ್‌ಆರ್ ಏರಿ ನಕ್ಷತ್ರಗಳ ಸಂಖ್ಯೆ ಬೇಗಬೇಗ ಕುಸಿಯುತ್ತಿದ್ದರೆ ಎದ್ದು ಹೋಗಿ ಲೆನ್ಸಿನ ಗಾಜು ನೋಡಿ, ಇಬ್ಬನಿ ಇರುವ ಸಾಧ್ಯತೆ ಹೆಚ್ಚು. ಒಂದೇ ಚಿತ್ರದಲ್ಲಿ ಹಠಾತ್ತನೆ ಏರಿ ಮುಂದಿನದರಲ್ಲಿ ಮೊದಲಿನಂತಾದರೆ ಗಾಳಿಯೋ ಯಾರೋ ಕಾಲು ತಾಗಿಸಿದ್ದೋ ಆಗಿರುತ್ತದೆ, ಆ ಚಿತ್ರ ಒಂದನ್ನು ಬಿಟ್ಟರೆ ಸಾಕು. ನಿಮ್ಮ ಅಳತೆಯಲ್ಲಿ ನಕ್ಷತ್ರಗಳು ಕೆಲವೇ ಪಿಕ್ಸೆಲ್ ಅಗಲ ಇರುವುದರಿಂದ ದೊಡ್ಡ ಏರುಪೇರು ನಿರೀಕ್ಷಿಸಬೇಡಿ. ದಶಮಾಂಶದ ಮೊದಲ ಅಂಕಿಯ ಬದಲಾವಣೆಯೇ ಇಲ್ಲಿ ಸುದ್ದಿ.

ಫೋಕಸ್ ಮಾಡುವುದಕ್ಕೂ ಲ್ಯಾಪ್‌ಟಾಪ್ ನೆರವಾಗುತ್ತದೆ. ಎಪಿಟಿ, ಬ್ಯಾಕ್‌ಯಾರ್ಡ್ ಇಒಎಸ್, ಕ್ಯಾನನ್‌ನ ಇಒಎಸ್ ಯುಟಿಲಿಟಿ ಇವೆಲ್ಲ ಲೈವ್ ವ್ಯೂನಲ್ಲಿ ಲೆನ್ಸಿನೊಳಗಿನ ಮೋಟರನ್ನು ಚಿಕ್ಕ ಹೆಜ್ಜೆಗಳಲ್ಲಿ ಓಡಿಸಬಲ್ಲವು. ಅದಕ್ಕೆ ಲೆನ್ಸಿನ ಸ್ವಿಚ್ ಎಎಫ್ ಮೇಲಿರಬೇಕು. ಬೆರಳಿಂದ ಉಂಗುರ ತಿರುಗಿಸಿದಾಗ ಇಡೀ ಲೆನ್ಸ್ ನಡುಗುವ ಕಿರಿಕಿರಿ ತಪ್ಪುತ್ತದೆ. ಹಿಡಿದ ಮೇಲೆ ಸ್ವಿಚ್ಚನ್ನು ಎಂಎಫ್‌ಗೆ ತಳ್ಳಿ. ಲೈವ್ ವ್ಯೂ ಕೂಡಲೇ ನಿಲ್ಲಿಸಿ, ಅದು ಓಡುತ್ತಿದ್ದಷ್ಟು ಹೊತ್ತು ಸೆನ್ಸರ್ ಬಿಸಿಯಾಗಿ ಚಿತ್ರದಲ್ಲಿ ಕಲಕಲು (ನಾಯ್ಸ್) ಹೆಚ್ಚುತ್ತದೆ. ಲೆನ್ಸಿನ ಮೇಲಿರುವ ಅನಂತದ ಗುರುತನ್ನು ನಂಬಬೇಡಿ, ಟೆಲಿಫೋಟೋ ಲೆನ್ಸ್‌ಗಳು ಅದನ್ನು ದಾಟಿಯೂ ತಿರುಗುತ್ತವೆ.


ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಧನ್ಯವಾದಗಳು. ಫೋಕಲ್ ಲೆಂತ್ 200 ಎಂದು ಕೊಟ್ಟ ಕೂಡಲೇ ಪ್ಲೇಟ್ ಸಾಲ್ವಿಂಗ್ ಕೆಲವೇ ಸೆಕೆಂಡುಗಳಲ್ಲಿ ಮುಗಿಯಿತು. ಮೌಂಟ್ ತಾನಾಗಿ ಹೊರಳಿ ಎಂ 31 ಚೌಕಟ್ಟಿನ ನಡುವೆ ಬಂದು ನಿಂತಾಗ ಆದ ಸಂತೋಷವನ್ನು ಹೇಳಲಾರೆ. ಕೇಬಲನ್ನು ಲೆನ್ಸಿನ ಪಟ್ಟಿಗೆ ಕಟ್ಟಿದ್ದೇನೆ, ಪವರ್ ಆಯ್ಕೆಗಳನ್ನೂ ತಿದ್ದಿದ್ದೇನೆ. ರಾತ್ರಿಯುದ್ದಕ್ಕೂ ಸಂಪರ್ಕ ಕಡಿಯಲಿಲ್ಲ. ಎಕ್ಸ್‌ಪೋಷರ್‌ಗಳ ನಡುವೆ ಈಗ ಚಿತ್ರ ಇಳಿಯುವಷ್ಟೇ ಹೊತ್ತು.

ಈಗ ಹೊಸ ತೊಂದರೆ. ಚಿತ್ರಗಳನ್ನು ಸಿರಿಲ್ ಎಂಬ ತಂತ್ರಾಂಶದಲ್ಲಿ ಪೇರಿಸಿ ಹಿನ್ನೆಲೆಯನ್ನು ಸ್ವಲ್ಪ ಬೆಳಗಿಸಿದರೆ ಇಡೀ ಚಿತ್ರದ ತುಂಬಾ ಓರೆಯಾದ ಗೀರುಗಳು, ಎಲ್ಲವೂ ಒಂದೇ ದಿಕ್ಕಿಗೆ. ಒಂಟಿ ಚಿತ್ರದಲ್ಲಿ ಅವಿಲ್ಲ. ಗೈಡಿಂಗ್‌ಗೆ ಪಿಎಚ್‌ಡಿ2 ತಂತ್ರಾಂಶ ಓಡುತ್ತಿತ್ತು. ಇನ್ನೊಂದು ಪ್ರಶ್ನೆ: 2 ನಿಮಿಷದ ಎಕ್ಸ್‌ಪೋಷರ್ ಸರಿಯೇ, ಕಡಿಮೆ ಮಾಡಲೇ?


ಉತ್ತರ 1 ಬರೆದವರಿಂದ

ಆ ಗೀರುಗಳು ಸೆನ್ಸರಿನ ಸ್ವಂತ ಕಲೆಗಳು. ಪ್ರತಿ ಸೆನ್ಸರಿನಲ್ಲೂ ಸ್ವಲ್ಪ ಹೆಚ್ಚು ಬೆಳಗುವ, ಸ್ವಲ್ಪ ಮಂಕಾದ ಪಿಕ್ಸೆಲ್‌ಗಳು ಅದದೇ ಜಾಗದಲ್ಲಿ ಇರುತ್ತವೆ. ಗೈಡಿಂಗ್ ಇದ್ದರೂ ಗೈಡ್ ದೂರದರ್ಶಕ ಮತ್ತು ಲೆನ್ಸಿನ ನಡುವೆ ಕಣ್ಣಿಗೆ ಕಾಣದಷ್ಟು ಬಾಗುವಿಕೆ ಇದ್ದೇ ಇರುತ್ತದೆ, ಮೌಂಟ್‌ನ ಅಕ್ಷವನ್ನು ಆಕಾಶದ ಧ್ರುವದ ಕಡೆಗೆ ತಿರುಗಿಸುವ ಜೋಡಣೆಯಲ್ಲಿ ತುಸು ತಪ್ಪೂ ಇರುತ್ತದೆ. ಇದರಿಂದ ನಕ್ಷತ್ರಗಳು ಚಿತ್ರದಿಂದ ಚಿತ್ರಕ್ಕೆ ಒಂದೇ ದಿಕ್ಕಿಗೆ ನಿಧಾನವಾಗಿ ಸರಿಯುತ್ತವೆ. ಪೇರಿಸುವಾಗ ತಂತ್ರಾಂಶ ನಕ್ಷತ್ರಗಳನ್ನು ಒಂದರ ಮೇಲೊಂದು ಕೂರಿಸುತ್ತದೆ, ಆಗ ಕಲೆಗಳು ಸಾಲಾಗಿ ಎಳೆದುಕೊಂಡು ಗೀರುಗಳಾಗುತ್ತವೆ.

ಪರಿಹಾರ ಡಿದರಿಂಗ್, ಮತ್ತು ಲ್ಯಾಪ್‌ಟಾಪ್ ಇರುವುದರ ಬಹುದೊಡ್ಡ ಲಾಭ ಇದೇ ಎಂದು ನನ್ನ ಅಭಿಪ್ರಾಯ. ಚಿತ್ರಗಳ ನಡುವೆ ನಿನಾ ಪಿಎಚ್‌ಡಿ2ಗೆ ಹೇಳಿ ಮೌಂಟನ್ನು ಯಾವುದೋ ಒಂದು ದಿಕ್ಕಿಗೆ ಸ್ವಲ್ಪ ಸರಿಸುತ್ತದೆ, ಅದು ನಿಲ್ಲುವವರೆಗೆ ಕಾದು ಮುಂದಿನ ಶಟರ್ ತೆರೆಯುತ್ತದೆ. ದಿಕ್ಕು ಪ್ರತಿ ಸಲವೂ ಬೇರೆ. ಕಲೆಗಳು ಹೀಗೆ ಚೆಲ್ಲಾಪಿಲ್ಲಿಯಾದಾಗ, ಪೇರಿಸುವ ತಂತ್ರಾಂಶ ಗುಂಪಿಗೆ ಸೇರದ ಬೆಲೆಗಳನ್ನು ಗುರುತಿಸಿ ಕಿತ್ತುಹಾಕುತ್ತದೆ. ಸಿರಿಲ್‌ನಲ್ಲಿ ಪೇರಿಸುವಾಗ ರಿಜೆಕ್ಷನ್ ಆಯ್ಕೆ ಆನ್ ಇರಬೇಕು.

ಎಷ್ಟು ಸರಿಸಬೇಕು ಎಂಬಲ್ಲಿ ಬಹಳ ಜನ ಕಡಿಮೆ ಇಡುತ್ತಾರೆ. ಸೆನ್ಸರನ್ನು ತಂಪಾಗಿಸುವ ವ್ಯವಸ್ಥೆ ಇಲ್ಲದ ನಮ್ಮಂಥ ಕ್ಯಾಮೆರಾಗಳಲ್ಲಿ ಮುಖ್ಯ ಚಿತ್ರದಲ್ಲಿ ಕನಿಷ್ಠ 10 ಪಿಕ್ಸೆಲ್ ಸರಿಯಬೇಕು ಎಂದು ನಾನು ಹೇಳುತ್ತೇನೆ, ಏಕೆಂದರೆ ಬಣ್ಣದ ಮಚ್ಚೆಗಳು ಒಂದೊಂದು ಪಿಕ್ಸೆಲಿನವಲ್ಲ, ಹಲವು ಪಿಕ್ಸೆಲ್ ಅಗಲ ಇರುತ್ತವೆ. ನಿಮ್ಮ 10 ಪಿಕ್ಸೆಲ್ ಎಂದರೆ 44 ಆರ್ಕ್ ಸೆಕೆಂಡ್. ಪಿಎಚ್‌ಡಿ2 ಲೆಕ್ಕ ಹಾಕುವುದು ಗೈಡ್ ಕ್ಯಾಮೆರಾದ ಪಿಕ್ಸೆಲ್‌ಗಳಲ್ಲಿ. ಅದೇ ಸೂತ್ರ ಹಾಕಿ: 206.265 × 3.75 ÷ 120, ಅಂದರೆ 6.45. 44ನ್ನು ಇದರಿಂದ ಭಾಗಿಸಿದರೆ ಸುಮಾರು 7. ಡಿದರ್ ಅಳತೆಯನ್ನು 7 ಎಂದು ಕೊಡಿ. ಪ್ರತಿ ಸರಿಸುವಿಕೆಗೂ ಸ್ವಲ್ಪ ಹೊತ್ತು ಹಿಡಿಯುತ್ತದೆ, ಎಕ್ಸ್‌ಪೋಷರ್ ಚಿಕ್ಕದಿದ್ದರೆ ಎರಡು ಅಥವಾ ಮೂರು ಚಿತ್ರಕ್ಕೊಮ್ಮೆ ಸಾಕು.

ಎಕ್ಸ್‌ಪೋಷರ್ ಎಷ್ಟಿರಬೇಕೆಂದು ನಾನು ಇಲ್ಲಿಂದ ಹೇಳುವುದಕ್ಕಿಂತ ನಿಮ್ಮ ಆಕಾಶವೇ ಚೆನ್ನಾಗಿ ಹೇಳುತ್ತದೆ. ಐಎಸ್‌ಒ 800 ಇಟ್ಟು 30, 60, 120 ಸೆಕೆಂಡಿನ ಒಂದೊಂದು ಚಿತ್ರ ತೆಗೆದು, ಕ್ಯಾಮೆರಾದ ಪರದೆಯ ಹಿಸ್ಟೋಗ್ರಾಮ್ (ಕಪ್ಪಿನಿಂದ ಬಿಳಿಯವರೆಗೆ ಬೆಳಕಿನ ಹಂಚಿಕೆಯ ನಕ್ಷೆ) ನೋಡಿ. ಹಿನ್ನೆಲೆಯ ಗುಡ್ಡ ಎಡ ಅಂಚಿನಿಂದ ಪೂರ್ತಿ ಬಿಡಿಸಿಕೊಂಡು ನಾಲ್ಕನೇ ಒಂದರಿಂದ ಮೂರನೇ ಒಂದರ ನಡುವೆ ನಿಲ್ಲುವ ಅತಿ ಚಿಕ್ಕ ಎಕ್ಸ್‌ಪೋಷರ್ ಆರಿಸಿ. ಬೆಳಕಿನ ಮಾಲಿನ್ಯ ಇರುವಲ್ಲಿ 60 ಸೆಕೆಂಡ್ ಸಾಕಾಗಬಹುದು, ಕಡುಗತ್ತಲಲ್ಲಿ 120 ಬೇಕಾಗಬಹುದು. ಅದನ್ನು ಮೀರಿದರೆ ಎಂ 31ರ ನಡುಭಾಗ ಬೆಳ್ಳಗೆ ಉರಿದುಹೋಗುತ್ತದೆ. ಅಸಲು ಲಾಭ ಬರುವುದು ಸಂಖ್ಯೆಯಿಂದ. ಸಂಕೇತ ಮತ್ತು ಕಲಕಲಿನ ಅನುಪಾತ ಚಿತ್ರಗಳ ಸಂಖ್ಯೆಯ ವರ್ಗಮೂಲದಂತೆ ಏರುತ್ತದೆ: 30 ಚಿತ್ರಗಳಿಗಿಂತ ಎರಡು ಪಟ್ಟು ಸ್ವಚ್ಛವಾದ ಫಲ ಬೇಕಾದರೆ 120 ಚಿತ್ರಗಳು ಬೇಕು. ಹೀಗಾಗಿ ಒಂದೇ ವಸ್ತುವಿಗೆ ಹಲವು ರಾತ್ರಿ ಕೊಡಿ. ಪ್ಲೇಟ್ ಸಾಲ್ವಿಂಗ್ ಈಗ ನಡೆಯುತ್ತಿದೆಯಲ್ಲ, ನಿನ್ನೆಯ ಚಿತ್ರವನ್ನೇ ಗುರಿಯಾಗಿ ಕೊಟ್ಟರೆ ಇಂದು ಅದೇ ಚೌಕಟ್ಟು ಸಿಗುತ್ತದೆ.

ಧ್ರುವ ಜೋಡಣೆಯನ್ನೂ ಲ್ಯಾಪ್‌ಟಾಪ್‌ಗೇ ಒಪ್ಪಿಸಬಹುದು. ನಿನಾದ ತ್ರೀ ಪಾಯಿಂಟ್ ಪೋಲಾರ್ ಅಲೈನ್‌ಮೆಂಟ್ ಪ್ಲಗಿನ್ ಮೂರು ಚಿತ್ರ ತೆಗೆದು, ಮೂರನ್ನೂ ಸಾಲ್ವ್ ಮಾಡಿ, ಅಕ್ಷ ಎಷ್ಟು ತಪ್ಪಿದೆ ಎಂದು ತೋರಿಸುತ್ತದೆ. ಧ್ರುವತಾರೆ ಮರೆಯಾಗಿದ್ದರೂ ನಡೆಯುತ್ತದೆ. ಇದನ್ನು ಸರಿ ಮಾಡಿದರೆ ಆ ನಿಧಾನದ ಸರಿಯುವಿಕೆಯೇ ಬಹುಪಾಲು ತಗ್ಗುತ್ತದೆ.

ಡಾರ್ಕ್‌ಗಳು ಅದೇ ಐಎಸ್‌ಒ, ಅದೇ ಎಕ್ಸ್‌ಪೋಷರ್, ಸಾಧ್ಯವಾದಷ್ಟು ಅದೇ ತಾಪಮಾನದಲ್ಲಿ ಇರಬೇಕು. ಕ್ಯಾನನ್ ತನ್ನ ಕಡತದೊಳಗೆ ಕ್ಯಾಮೆರಾದ ತಾಪಮಾನ ಬರೆಯುತ್ತದೆ, ಹೋಲಿಸಿ ನೋಡಿ. ಫ್ಲಾಟ್‌ಗಳಿಗೆ, ಅಂದರೆ ಅಂಚಿನ ಮಂಕು ಮತ್ತು ಧೂಳಿನ ಕಲೆ ತಿದ್ದಲು ಸಮ ಬೆಳಕಿನಲ್ಲಿ ತೆಗೆಯುವ ಚಿತ್ರಗಳಿಗೆ, ನಿನಾದಲ್ಲಿ ಪ್ರತ್ಯೇಕ ಸಹಾಯಕವಿದೆ, ಎಕ್ಸ್‌ಪೋಷರ್ ಅದೇ ಹುಡುಕಿಕೊಳ್ಳುತ್ತದೆ. ಆವರೆಗೆ ಫೋಕಸ್ ಮುಟ್ಟಬೇಡಿ, ಕ್ಯಾಮೆರಾವನ್ನು ಲೆನ್ಸಿನಿಂದ ಬಿಚ್ಚಬೇಡಿ.


ಉತ್ತರ 2 ಬರೆದವರಿಂದ

ಒಂದು ಚಿಕ್ಕ ಮಾತು. ಚಿತ್ರಗಳನ್ನು ಲ್ಯಾಪ್‌ಟಾಪ್‌ನಲ್ಲೂ ಕ್ಯಾಮೆರಾದ ಕಾರ್ಡಿನಲ್ಲೂ ಎರಡು ಕಡೆ ಉಳಿಸುವ ಆಯ್ಕೆ ಇದ್ದರೆ ಅದನ್ನೇ ಹಾಕಿ. 600ಡಿಯ ಒಂದು ರಾ ಕಡತ ಸುಮಾರು 25 ಎಂಬಿ, 120 ಚಿತ್ರಕ್ಕೆ 3 ಜಿಬಿ ಆಗುತ್ತದೆ, ಕಾರ್ಡಿಗೆ ಭಾರವಲ್ಲ. ಪರದೆಯ ಬೆಳಕನ್ನು ಕನಿಷ್ಠಕ್ಕಿಳಿಸಿ ಕೆಂಪು ಹಾಳೆ ಅಂಟಿಸಿದರೆ ನಿಮ್ಮ ಕಣ್ಣಿಗೂ ಪಕ್ಕದಲ್ಲಿ ದೂರದರ್ಶಕ ಇಟ್ಟಿರುವವರಿಗೂ ಉಪಕಾರ. ಲೆನ್ಸಿಗೆ ಇಬ್ಬನಿ ತಡೆಯುವ ಬಿಸಿಪಟ್ಟಿಯನ್ನು ಇಬ್ಬನಿ ಕೂತ ಮೇಲೆ ಅಲ್ಲ, ಸಂಜೆಯೇ ಕಟ್ಟಿ. ಅದಕ್ಕೆ ವಿದ್ಯುತ್ತನ್ನು ಹಬ್‌ನಿಂದ ತೆಗೆಯಬೇಡಿ, ಬೇರೆ ಬ್ಯಾಟರಿ ಕೊಡಿ. ಹಬ್‌ನ ವೋಲ್ಟೇಜ್ ಕುಸಿದರೆ ಕ್ಯಾಮೆರಾದ ಸಂಪರ್ಕ ಮತ್ತೆ ಕಡಿಯಲು ಶುರುವಾಗುತ್ತದೆ.


ಪ್ರಶ್ನೆ ಕೇಳಿದವರಿಂದ

ಡಿದರ್ ಅಳತೆ 7 ಕೊಟ್ಟು, 60 ಸೆಕೆಂಡಿನ ಚಿತ್ರಗಳು, ಮೂರಕ್ಕೊಮ್ಮೆ ಸರಿಸುವಂತೆ ಹೊಂದಿಸಿದ್ದೇನೆ. ಬಿಸಿಪಟ್ಟಿಗೆ ಬೇರೆ ಬ್ಯಾಟರಿ ಸಿದ್ಧವಿದೆ. ಅಮಾವಾಸ್ಯೆಯ ಆಸುಪಾಸಿನಲ್ಲಿ ಆಕಾಶ ತಿಳಿಯಾಗಿದ್ದರೆ ಪೇರಿಸಿದ ಚಿತ್ರದ ಜೊತೆ ಎಚ್‌ಎಫ್‌ಆರ್ ನಕ್ಷೆಯನ್ನೂ ಇಲ್ಲಿ ಹಾಕುತ್ತೇನೆ, ದಯವಿಟ್ಟು ನೋಡಿ ಹೇಳಿ.